ಕಿರುರಂಧ್ರದಲ್ಲಿ ಆರು ಜೋಗ

ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ದೂರಕ್ಕೆ ಚಿಮ್ಮುತ್ತದೆ. ಈ ಆಟ ಆಡದ ಮಕ್ಕಳಿಲ್ಲ. ‘ಬಾಯಿ ಕಿರಿದಾದರೆ ಒತ್ತಡ ಹೆಚ್ಚುತ್ತದೆ’ ಎಂದು ಹಲವರು ಇದಕ್ಕೆ ಕಾರಣ ಹೇಳುವುದುಂಟು. ಹಾಗಾದರೆ ಬೆರಳೇ ಒತ್ತಡವನ್ನು ಹುಟ್ಟಿಸಿತೇ? ಇಲ್ಲ. ಮಾಳಿಗೆಯ ಮೇಲಿನ ಟ್ಯಾಂಕು ಕೊಡುವುದಕ್ಕಿಂತ ಹೆಚ್ಚಿನ ಒತ್ತಡ ಅಲ್ಲಿ ಬರಲಾರದು. ಪೈಪು ಪೂರ್ತಿ ತೆರೆದಿದ್ದಾಗ ನೀರು ರಭಸದಿಂದ ಹರಿದು, ಆ ಒತ್ತಡದ ಬಹುಪಾಲು ಪೈಪಿನೊಳಗಿನ ಘರ್ಷಣೆಗೇ ಖರ್ಚಾಗುತ್ತದೆ. ಬೆರಳು ಹರಿವನ್ನು ತಗ್ಗಿಸಿದಾಗ ಆ ನಷ್ಟ ಕಡಿಮೆಯಾಗಿ, ಟ್ಯಾಂಕಿನ ಒತ್ತಡ ಪೈಪಿನ ಬಾಯಿಯವರೆಗೂ ಬಂದು ಮುಟ್ಟುತ್ತದೆ.

ಬಸ್ಸು, ಲಾರಿ, ಬೈಕುಗಳನ್ನು ತೊಳೆಯುವ ವಾಟರ್ ಸರ್ವಿಸ್ ಅಂಗಡಿಗಳಲ್ಲಿ ಇದೇ ಆಟ ಬೇರೊಂದು ನಿಯಮದಂತೆ ನಡೆಯುತ್ತದೆ. ಅಲ್ಲಿ ಕೆಲಸ ಮಾಡುವುದು ಪ್ಲಂಜರ್ ಪಂಪು. ಚುಚ್ಚುಮದ್ದಿನ ಸಿರಿಂಜಿನಂತೆ ಅದು ಪ್ರತಿ ಸುತ್ತಿಗೂ ಇಂತಿಷ್ಟೇ ನೀರನ್ನು ಮುಂದಕ್ಕೆ ದೂಡುತ್ತದೆ. ತುದಿಯ ನಾಜಲ್‌ನ ರಂಧ್ರ ದೊಡ್ಡದಿರಲಿ, ಚಿಕ್ಕದಿರಲಿ, ಅಷ್ಟೂ ನೀರು ಹೊರಬೀಳಲೇಬೇಕು. ರಂಧ್ರ ಕಿರಿದಾದಷ್ಟೂ ಅದೇ ನೀರನ್ನು ಹೊರದೂಡಲು ಹೆಚ್ಚು ಒತ್ತಡ ಬೇಕು. ಅಂದರೆ ಪಂಪು ಕೊಡುವುದು ಹರಿವನ್ನು. ಒತ್ತಡ ಎಷ್ಟೆಂದು ನಿರ್ಧರಿಸುವುದು ನಾಜಲ್.

ಈ ಒತ್ತಡವೇನೂ ಸಾಮಾನ್ಯವಲ್ಲ. 10 ಮೀಟರ್ ಎತ್ತರದ ನೀರಿನ ಕಂಬ ಸುಮಾರು 1 ಬಾರ್ ಒತ್ತಡ ಕೊಡುತ್ತದೆ. 253 ಮೀಟರ್ ಎತ್ತರದ ಜೋಗದಷ್ಟು ನೀರಿನ ಕಂಬ ನಿಲ್ಲಿಸಿದರೆ ಅದರ ಬುಡದಲ್ಲಿ 25 ಬಾರ್ ಸಿಕ್ಕೀತು. ವಾಹನ ತೊಳೆಯುವ ಯಂತ್ರ 150 ಬಾರ್‌ನಲ್ಲಿ ಕೆಲಸ ಮಾಡುತ್ತಿದ್ದರೆ, ಆರು ಜೋಗಗಳನ್ನು ಒಂದರ ಮೇಲೊಂದು ಪೇರಿಸಿದಂತಾಯಿತು! ಆ ರಂಧ್ರದ ವ್ಯಾಸವಾದರೋ ಒಂದೂವರೆ ಮಿಲಿಮೀಟರಿನ ಆಸುಪಾಸು. ಡೇನಿಯಲ್ ಬರ್ನೌಲಿ 1738ರಲ್ಲಿ ಪ್ರಕಟಿಸಿದ ತತ್ವದಂತೆ, ವೇಗದ ವರ್ಗವು ಒತ್ತಡದ ಎರಡರಷ್ಟನ್ನು ಸಾಂದ್ರತೆಯಿಂದ ಭಾಗಿಸಿದಷ್ಟು. 150 ಬಾರ್ ಎಂದರೆ ಒಂದೂವರೆ ಕೋಟಿ ಪಾಸ್ಕಲ್. ಲೆಕ್ಕ ಮಾಡಿದರೆ ನೀರಿನ ವೇಗ ಸೆಕೆಂಡಿಗೆ 173 ಮೀಟರ್, ಗಂಟೆಗೆ ಸುಮಾರು 620 ಕಿಲೋಮೀಟರ್.

ಇಂಥ ಯಂತ್ರಕ್ಕೆ ಸಿಕ್ಕಿದ ನಾಜಲ್ ತಿರುಗಿಸಿ ಕೂರಿಸಿದರೆ ಆದೀತೆ? ಆಗದು. ಯಂತ್ರದ ಫಲಕದಲ್ಲಿ ಒತ್ತಡ ಮತ್ತು ನಿಮಿಷಕ್ಕೆ ಇಷ್ಟು ಲೀಟರ್ ಎಂಬ ಎರಡು ಅಂಕಿಗಳಿರುತ್ತವೆ. ನಾಜಲ್ ಮೇಲೂ ಒಂದು ಸಂಖ್ಯೆ ಕೊರೆದಿರುತ್ತದೆ. ಉದಾಹರಣೆಗೆ 25055 ಎಂದಿದ್ದರೆ ಮೊದಲ ಎರಡು ಅಂಕಿಗಳು ನೀರು ಬೀಸಣಿಗೆಯಂತೆ ಹರಡುವ ಕೋನ, ಅಂದರೆ 25 ಡಿಗ್ರಿ. ಉಳಿದ 055 ಎಂದರೆ ರಂಧ್ರದ ಅಳತೆ 5.5. ಒತ್ತಡ 276 ಬಾರ್ ಇದ್ದಾಗ ನಿಮಿಷಕ್ಕೆ ಎಷ್ಟು ಅಮೆರಿಕನ್ ಗ್ಯಾಲನ್ ನೀರು ಹೊರಬರುತ್ತದೆ ಎಂಬುದೇ ಈ ಅಳತೆ. ಒಂದು ಅಮೆರಿಕನ್ ಗ್ಯಾಲನ್ ಎಂದರೆ 3.785 ಲೀಟರ್.

ಯಂತ್ರ 150 ಬಾರ್, ನಿಮಿಷಕ್ಕೆ 15 ಲೀಟರ್ ಎಂದಿಟ್ಟುಕೊಳ್ಳೋಣ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. 276ನ್ನು 150ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.356. ಇದನ್ನು 15ರಿಂದ ಗುಣಿಸಿ 3.785ರಿಂದ ಭಾಗಿಸಿದರೆ 5.4 ಬರುತ್ತದೆ. ಇದಕ್ಕೆ ಹತ್ತಿರದ್ದು 5.5ರ ನಾಜಲ್. ಬದಲಿಗೆ 7ರದ್ದನ್ನು ಹಾಕಿದರೆ ಒತ್ತಡ 90 ಬಾರ್‌ಗೂ ಕೆಳಗಿಳಿದು ಕೆಸರು ಅಲ್ಲಾಡುವುದಿಲ್ಲ. 4ರದ್ದನ್ನು ಹಾಕಿದರೆ ಅಷ್ಟೂ ನೀರನ್ನು ಹೊರದೂಡಲು 270 ಬಾರ್ ಬೇಕು! ಅಷ್ಟರೊಳಗೆ ಅನ್‌ಲೋಡರ್ ವಾಲ್ವು ತೆರೆದು ನೀರನ್ನು ಹಿಂದಕ್ಕೆ ತಿರುಗಿಸಬೇಕು. ಅದು ಕೆಟ್ಟಿದ್ದರೆ ಹೋಸು ಒಡೆದೀತು, ಇಲ್ಲವೇ ಮೋಟಾರು ಸುಟ್ಟೀತು.

ಇನ್ನು ಕೋನ. ಸಾಮಾನ್ಯವಾಗಿ ಕೆಂಪು ನಾಜಲ್ 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40. ಕಪ್ಪು ಬಣ್ಣದ್ದು ಕಡಿಮೆ ಒತ್ತಡದಲ್ಲಿ ಸೋಪು ಹಾಕುವುದಕ್ಕೆ. ಬಣ್ಣಕ್ಕಿಂತ ಕೊರೆದ ಸಂಖ್ಯೆಯನ್ನು ನಂಬುವುದೇ ಮೇಲು. 30 ಸೆಂಟಿಮೀಟರ್ ದೂರದಲ್ಲಿ 15 ಡಿಗ್ರಿಯ ನೀರು ಸುಮಾರು 8 ಸೆಂಟಿಮೀಟರ್ ಅಗಲಕ್ಕೆ ಹರಡಿದರೆ, 40 ಡಿಗ್ರಿಯದ್ದು 22 ಸೆಂಟಿಮೀಟರ್ ಅಗಲಕ್ಕೆ ಹರಡುತ್ತದೆ. ಅದೇ ಬಲ ಹೆಚ್ಚು ಜಾಗಕ್ಕೆ ಹಂಚಿಹೋಗುವುದರಿಂದ ಪೆಟ್ಟು ಮೃದುವಾಗುತ್ತದೆ. ಬಣ್ಣ ಬಳಿದ ಭಾಗಕ್ಕೆ 40 ಡಿಗ್ರಿ, ಮಡ್‌ಗಾರ್ಡಿನಡಿ ಗಟ್ಟಿಯಾದ ಕೆಸರಿಗೆ 25 ಡಿಗ್ರಿ ಸಾಕು. 0 ಡಿಗ್ರಿಯದ್ದನ್ನು ವಾಹನಕ್ಕೆ ಬಳಸಲೇಬಾರದು. ಟೈರಿಗೆ ತೀರ ಹತ್ತಿರದಿಂದ ಹೊಡೆದರೆ ರಬ್ಬರಿಗೆ ಹಾನಿಯಾಗಿ ಮುಂದೆಂದೋ ಓಡುವಾಗ ಟೈರು ಸಿಡಿಯುವ ಅಪಾಯವಿದೆ. ಕನಿಷ್ಠ 30 ಸೆಂಟಿಮೀಟರ್ ದೂರವಿರಬೇಕು. ಬೇಲೂರು, ಹಳೇಬೀಡುಗಳಲ್ಲಿ ಶಿಲ್ಪ ಕೆತ್ತಿರುವ ಬಳಪದ ಕಲ್ಲಿನಂಥ ಮೃದು ಶಿಲೆಯ ಹತ್ತಿರಕ್ಕಂತೂ ಇಂಥ ಗನ್ನನ್ನು ಒಯ್ಯಲೇಬಾರದು.

ದಿನ ಕಳೆದಂತೆ ನೀರಿನಲ್ಲಿರುವ ಮರಳು ನಾಜಲ್‌ನ ರಂಧ್ರವನ್ನು ಸವೆಸುತ್ತದೆ. ಹರಿವು ಅಷ್ಟೇ ಇದ್ದಾಗ ಒತ್ತಡವು ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ವ್ಯಾಸ ಶೇಕಡಾ 10ರಷ್ಟು, ಅಂದರೆ ಮಿಲಿಮೀಟರಿನ ಏಳನೆಯ ಒಂದು ಭಾಗದಷ್ಟು ಹಿಗ್ಗಿದರೂ ಒತ್ತಡ ಮೂರನೆಯ ಒಂದು ಭಾಗದಷ್ಟು ಕುಸಿಯುತ್ತದೆ. ಕಣ್ಣಿಗೆ ಕಾಣದ ಈ ಸವೆತಕ್ಕೆ ‘ಪಂಪು ಕೆಟ್ಟಿತು’ ಎಂದು ದುಬಾರಿ ರಿಪೇರಿ ಮಾಡಿಸುವವರಿದ್ದಾರೆ. ಅದಕ್ಕೆ ಮೊದಲು ಒಂದು ಬಕೆಟ್ಟು, ಒಂದು ಗಡಿಯಾರ ಸಾಕು. ನಾಜಲ್ ಕಳಚಿ ಬಕೆಟ್ಟಿಗೆ ನೀರು ಬಿಟ್ಟು, ನಿಮಿಷಕ್ಕೆಷ್ಟು ಲೀಟರ್ ಬರುತ್ತದೆಂದು ಅಳೆಯಬೇಕು. ಫಲಕದಲ್ಲಿರುವಷ್ಟೇ ನೀರು ಬಂದರೆ ಮೊದಲು ಹೊಸ ನಾಜಲ್ ಹಾಕಿ ನೋಡಬೇಕು. ಕಡಿಮೆ ಬಂದರೆ ನೀರು ಒಳಬರುವಲ್ಲಿನ ಜಾಲರಿಯಿಂದ ಹುಡುಕಾಟ ಆರಂಭಿಸಬೇಕು.

ನಾಜಲ್ ಬದಲಿಸುವಾಗ ಯಂತ್ರ ನಿಲ್ಲಿಸಿದರೆ ಸಾಲದು. ಹೋಸಿನಲ್ಲಿ ಒತ್ತಡ ಉಳಿದಿರುತ್ತದೆ. ಗನ್ನಿನ ಕುದುರೆ ಒತ್ತಿ ಅದನ್ನು ಹೊರಬಿಡಬೇಕು. ಹೊಸದನ್ನು ಕೂರಿಸಿದ ಮೇಲೆ ಜಗ್ಗಿ ನೋಡಬೇಕು. ಸರಿಯಾಗಿ ಕೂರದ ನಾಜಲ್ ಗುಂಡಿನಂತೆ ಹಾರುತ್ತದೆ. ಗನ್ನನ್ನು ಎರಡೂ ಕೈಗಳಲ್ಲಿ ಹಿಡಿಯಬೇಕು, ಏಕೆಂದರೆ ನ್ಯೂಟನ್ನನ ಮೂರನೆಯ ನಿಯಮದಂತೆ ಅದು ಸುಮಾರು 4 ಕಿಲೋಗ್ರಾಂ ತೂಕದಷ್ಟು ಬಲದಿಂದ ಹಿಂದಕ್ಕೆ ಒದೆಯುತ್ತದೆ. ಮೊದಲು ದೂರದಿಂದ, ಮೂಲೆಯೊಂದರಲ್ಲಿ ಪ್ರಯೋಗಿಸಿ, ಆಮೇಲೆ ಹತ್ತಿರ ಹೋಗಬೇಕು.

ಈಗ ಮನೆಬಳಕೆಗೂ ಇಂಥ ಸಣ್ಣ ಯಂತ್ರಗಳು ಸಿಗುತ್ತಿವೆ. ರಜೆಯಲ್ಲಿ ಬೈಕು ತೊಳೆಯಲೆಂದು ಮಕ್ಕಳ ಕೈಗೆ ಅದನ್ನು ಕೊಡುವ ತಂದೆತಾಯಿಯರು ಒಂದು ಸಂಗತಿ ತಿಳಿದಿರಬೇಕು. ಈ ನೀರು ಚರ್ಮವನ್ನು ತೂರಿ ಒಳಹೋಗಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ, ಒಳಗೆ ನೀರು ಮತ್ತು ಕೊಳೆ ಆಳಕ್ಕೆ ಹರಡಿ ಬೆರಳನ್ನೇ ಕಳೆದುಕೊಳ್ಳಬೇಕಾಗಿ ಬರಬಹುದು. ಅರಿಸಿನ ಮೆತ್ತಿ ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಯಂತ್ರದ ನೀರು ತಾಗಿದ್ದೆಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ತೋಟದ ಪೈಪಿಗೆ ಬೆರಳು ಅಡ್ಡ ಹಿಡಿದು ನಕ್ಕ ಮಕ್ಕಳು ಈ ನಾಜಲ್‌ಗೆ ಮಾತ್ರ ಎಂದೂ ಬೆರಳು ತರಬಾರದು.