ಕೆರೆಬೇಟೆಯ ದಿನ ಬಂದ ಮಳೆ

ಬೇಸಗೆಯ ಕಡೆಯ ದಿನಗಳಲ್ಲಿ, ಇನ್ನೂ ನಸುಗತ್ತಲಿರುವಾಗಲೇ ಶಿವಮೊಗ್ಗೆಯಿಂದ ಸಾಗರದ ಕಡೆಗೆ ಹೊರಡುವ ದಾರಿಯಲ್ಲಿ ನಿಂತು ನೋಡಿದರೆ, ಮೋಟಾರು ಬೈಕಿನ ಹಿಂಬದಿಗೆ ದೊಡ್ಡದೊಂದು ಬಿದಿರಿನ ಬುಟ್ಟಿಯನ್ನು ಬಿಗಿದುಕೊಂಡು ಹೋಗುವವರು ಕಣ್ಣಿಗೆ ಬೀಳುವುದುಂಟು. ಆ ಬುಟ್ಟಿಗೆ ತಳವೇ ಇಲ್ಲ. ಮೇಲೆ ಕಿರಿದಾಗಿ, ಕೆಳಗೆ ಅಗಲವಾಗಿ, ಎರಡು ಕಡೆಯೂ ಬಾಯಿ ತೆರೆದಿರುವ ಈ ಸಲಕರಣೆಗೆ ಕೂಣಿ ಎಂದು ಹೆಸರು. ಪಟ್ಟಣದ ಮಕ್ಕಳು ಇದನ್ನು ಕೋಳಿ ಮುಚ್ಚುವ ಬುಟ್ಟಿಯೆಂದು ತಿಳಿದರೆ ಆಶ್ಚರ್ಯವಿಲ್ಲ. ಕೂಣಿಯನ್ನು ಕಟ್ಟಿಕೊಂಡವನು ಹೋಗುತ್ತಿರುವುದು ಕೆರೆಬೇಟೆಗೆ.

ನಮ್ಮ ವಾಚಕರಲ್ಲಿ ಮೀನನ್ನು ಮುಟ್ಟದ ಮನೆಯವರು ಅನೇಕರಿರುವರೆಂಬುದನ್ನು ನಾವು ಬಲ್ಲೆವು. ಅವರು ಈ ಪುಟವನ್ನು ಮಗುಚಿ ಮುಂದಕ್ಕೆ ಹೋಗಬೇಕಾದುದಿಲ್ಲ. ಮಾತು ಮೀನಿನದಾದರೂ ವಿಷಯವು ಕೆರೆಯದು, ಕೆರೆಯಾದರೋ ಊರಿನವರೆಲ್ಲರದು.

ಸೊರಬ, ಸಾಗರ, ಶಿಕಾರಿಪುರಗಳ ಕಡೆಯ ಹಳ್ಳಿಗಳಲ್ಲಿ ಕೆರೆಬೇಟೆಯು ಹಳೆಯ ಪದ್ಧತಿ. ಬಿಸಿಲಿಗೆ ಕೆರೆಯ ನೀರಿಳಿದು ಮೊಳಕಾಲುದ್ದ, ಹೆಚ್ಚೆಂದರೆ ಸೊಂಟದುದ್ದ ಉಳಿದಾಗ ಊರಿನ ಹಿರಿಯರು ಕೂಡಿ ಒಂದು ದಿನವನ್ನು ಗೊತ್ತುಮಾಡುವರು. ಕೂಣಿಯೊಂದಕ್ಕೆ ಇಷ್ಟು ಹಣವೆಂದು ನಿಗದಿಯಾಗುವುದು. ಆ ಹಣವು ದೇವಸ್ಥಾನಕ್ಕೋ ಊರಿನ ಬೇರೆ ಕೆಲಸಕ್ಕೋ ಸಲ್ಲುವುದು. ಸುತ್ತಣ ಊರುಗಳಿಂದ ಬಂದ ನೂರಾರು ಜನ ಏರಿಯ ಮೇಲೆ ಸಾಲಾಗಿ ನಿಲ್ಲುವರು. ಪೂಜೆಯಾಗಿ ಸೂಚನೆ ದೊರೆತೊಡನೆ ಎಲ್ಲರೂ ಒಮ್ಮೆಗೇ ನೀರಿಗೆ ನುಗ್ಗುವರು. ಕೂಣಿಯನ್ನು ಕೆಸರಿಗೆ ಊರಿ, ಒಳಗೇನಾದರೂ ಬಡಿದುಕೊಂಡಿತೋ ಎಂದು ಕೈಯಿಂದಲೇ ತಿಳಿದು, ಮೇಲಣ ಬಾಯಿಯಿಂದ ತೋಳನ್ನಿಳಿಸಿ ಮೀನನ್ನು ಹಿಡಿದು, ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಹಾಕಿಕೊಳ್ಳುವುದು. ಸಾಹುಕಾರನಿಗೂ ಒಂದೇ ಕೂಣಿ, ಕೂಲಿಯವನಿಗೂ ಒಂದೇ ಕೂಣಿ. ಬಲೆಗೆ ಆಸ್ಪದವಿಲ್ಲ. ಕೆಲವು ಸಲ ಮೀನು ಸಿಕ್ಕದವರು ಹಣವನ್ನು ಹಿಂದಕ್ಕೆ ಕೊಡಿರೆಂದು ಜಗಳ ತೆಗೆಯುವುದೂ ಉಂಟು. ಅದು ಪಂದ್ಯಗಳೆಲ್ಲಕ್ಕೂ ಅಂಟಿದ ರೋಗ. 2024ರಲ್ಲಿ ಇದೇ ಹೆಸರಿನ ಚಲನಚಿತ್ರವೊಂದು ತೆರೆಗೆ ಬಂದ ಮೇಲೆ ಮಲೆನಾಡಿನ ಹೊರಗಣ ಜನಕ್ಕೂ ಈ ಮಾತು ಪರಿಚಿತವಾಗಿದೆ.

ಭದ್ರಾವತಿಗೂ ಕೂಣಿಗೂ ಏನು ಸಂಬಂಧವೆಂದರೆ, 1923ರಲ್ಲಿ ಕಬ್ಬಿಣದ ಕಾರ್ಖಾನೆಯೂ ಮುಂದೆ 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಮೊದಲಾದಾಗ ಸುತ್ತಣ ಹಳ್ಳಿಗಳಿಂದ ಬಂದು ಅಲ್ಲಿ ನೆಲೆಸಿದವರು ಬಹಳ ಜನ. ಊರನ್ನು ಬಿಟ್ಟರೂ ಊರಿನ ಕೆರೆಯನ್ನು ಬಿಡಲಿಲ್ಲ. ನಮ್ಮ ಪರಿಚಿತರಾದ ಭದ್ರಾವತಿಯ ಹಿರಿಯರೊಬ್ಬರು ಮೂವತ್ತು ವರ್ಷ ಕಾರ್ಖಾನೆಯ ಕೆಲಸ ಮಾಡಿ ನಿವೃತ್ತರಾದವರು. ಅವರ ಮನೆಯ ಅಟ್ಟದಲ್ಲಿ ತಂದೆಯ ಕಾಲದ ಕೂಣಿಯಿದೆ. ಹಬ್ಬಕ್ಕೆ ಊರಿಗೆ ಹೋಗದಿದ್ದರೂ ಬೇಟೆಗೆ ಹೋಗದೆ ಇದ್ದವರಲ್ಲ.

ಅವರೊಡನೆ ನಾವೂ ಒಮ್ಮೆ ಹೋಗಿದ್ದೆವು. ಕೃತ್ತಿಕೆ ಕಳೆದು ರೋಹಿಣಿ ಹೊಕ್ಕ ಮರುದಿನ, ಎಂದರೆ ಮೇ ತಿಂಗಳ ಕೊನೆಯ ವಾರ. ಮದುವೆಗಳ ಗಲಾಟೆಯಲ್ಲಿ ಬೇಟೆಯ ದಿನವು ಎರಡು ಸಲ ಮುಂದಕ್ಕೆ ಹೋಗಿತ್ತು. ಆಯನೂರು ದಾಟುವ ಹೊತ್ತಿಗೆ ಮಳೆ ಹಿಡಿಯಿತು. ಕೆರೆಯನ್ನು ಮುಟ್ಟಿದಾಗ ಏರಿಯ ಮೇಲೆ ಜನರೆಲ್ಲ ಕೂಣಿಯನ್ನೇ ತಲೆಯ ಮೇಲೆ ಕವುಚಿಕೊಂಡು ನಿಂತಿದ್ದರು. ಅದರಿಂದ ಮಳೆ ನಿಲ್ಲುವುದೇನು? ಆದರೂ ಹಾಗೆ ನಿಂತಿದ್ದರು. ಕೆರೆಯ ಮೇಲ್ಗಡೆಯ ಹಳ್ಳ, ಹಿಂದಿನ ದಿನದವರೆಗೆ ಒಣಗಿದ್ದುದು, ಕೆಂಪು ನೀರನ್ನು ತರತೊಡಗಿತ್ತು.

ಅಲ್ಲಿ ತಂಟೆ ಮೊದಲಾಯಿತು. ಹಿರಿಯರಲ್ಲಿ ಒಬ್ಬರು, “ಹಳ್ಳ ಬಂತು. ಇವತ್ತು ಬೇಡ” ಎಂದರು. ಹುಡುಗರು ಒಪ್ಪಲಿಲ್ಲ.

“ದುಡ್ಡು ಕಟ್ಟಿ ಬಂದೀವಿ ಗೌಡ್ರೆ. ಮಳೆ ಬಂದ್ರೆ ಮೀನು ಓಡಿ ಹೋಗ್ತದಾ?”

“ಓಡೋದಲ್ಲ ಮಾರಾಯ. ನಿನ್ನೆವರೆಗೂ ಅದಕ್ಕೆ ಅಡಗೋದೊಂದೇ ಗೊತ್ತಿತ್ತು. ಈಗ ಅದು ನೀರು ಬರೋ ಕಡೆ ಮುಖ ಮಾಡ್ತದೆ.”

ಆ ಮಾತಿನಲ್ಲಿ ಅಡಗಿರುವ ವಿಷಯವನ್ನು ತುಸು ಬಿಡಿಸಿ ಹೇಳಬೇಕು. ನಮ್ಮ ಕೆರೆಗಳಲ್ಲಿ ಈಗ ಎರಡು ಬಗೆಯ ಮೀನುಗಳಿವೆ. ಕಾಟ್ಲ, ರೋಹು, ಮೃಗಾಲಗಳು ಉತ್ತರದೇಶದ ಹೊಳೆಗಳಿಂದ ಬಂದವು. ನೆರೆ ಬಂದ ಹೊಳೆಯಲ್ಲಿಯೇ ಹೊರತು ನಿಂತ ನೀರಿನಲ್ಲಿ ಇವು ಮೊಟ್ಟೆಯಿಡಲಾರವು. 1957ರ ಜುಲೈ ತಿಂಗಳಲ್ಲಿ ಒರಿಸ್ಸಾ ಪ್ರಾಂತದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿಗಳು ಮೀನಿನ ಮಿದುಳಿನಡಿಯ ಗ್ರಂಥಿಯ ರಸವನ್ನು ಚುಚ್ಚಿ ಇಂತಹ ಮೀನುಗಳಿಂದ ಕೊಳದಲ್ಲಿಯೇ ಮೊಟ್ಟೆಯಿಡಿಸಿದರು. ಅಂದಿನಿಂದ ಮರಿಗಳನ್ನು ಬೇಕಾದಷ್ಟು ಬೆಳೆಸುವುದು ಸಾಧ್ಯವಾಯಿತು. ಭದ್ರಾ ಅಣೆಕಟ್ಟೆಯ ಬಳಿ ಬಿ. ಆರ್. ಪ್ರಾಜೆಕ್ಟಿನಲ್ಲಿ ಮೀನುಗಾರಿಕೆ ಇಲಾಖೆಯವರ ಮರಿಸಾಕಣೆಯ ಕೊಳಗಳಿರುವುದನ್ನು ನಮ್ಮ ಜಿಲ್ಲೆಯವರು ಬಲ್ಲರು. ಕೆರೆಗೆ ಬಿಟ್ಟ ಕಾಟ್ಲವನ್ನು ಒಂದೂ ಉಳಿಯದಂತೆ ಹಿಡಿದರೂ ಮಳೆಗಾಲದಲ್ಲಿ ಮತ್ತೆ ಮರಿಗಳನ್ನು ತಂದು ಬಿಟ್ಟರಾಯಿತು.

ಎರಡನೆಯ ಬಗೆಯವು ಕೆರೆಯ ಸ್ವಂತ ಮಕ್ಕಳು: ಹಾವಿನಂತಹ ತಲೆಯ ಕುಚ್ಚು, ಮೀಸೆಯ ಮುರುಗೋಡು, ಬೆರಳುದ್ದದ ಹತ್ತೆಂಟು ಜಾತಿಯ ಬೆಳ್ಳಿಮೀನುಗಳು. ಇವುಗಳ ಮರಿಯನ್ನು ಯಾರೂ ತಂದು ಬಿಡುವುದಿಲ್ಲ. ಕುಚ್ಚು, ಮುರುಗೋಡುಗಳಿಗೆ ಗಾಳಿಯನ್ನು ನೇರವಾಗಿ ಉಸಿರಾಡುವ ಶಕ್ತಿಯಿದೆ. ಆದಕಾರಣ ಎಲ್ಲ ಮೀನೂ ಸತ್ತ ಕೆಸರಿನಲ್ಲಿಯೂ ಜೀವ ಹಿಡಿದುಕೊಂಡು ಮಳೆಯನ್ನು ಕಾಯಬಲ್ಲವು. ಮೊದಲ ಹೊಸನೀರು ಬಂದೊಡನೆ ದಡದ ಹುಲ್ಲಿಗೆ, ಗದ್ದೆಯ ಕಡೆಗೆ ಏರಿ ಮೊಟ್ಟೆಯಿಡುವುವು. ಕುಚ್ಚಿನ ತಂದೆತಾಯಿಗಳು ಮರಿಗಳನ್ನು ಕಾಯುವುದನ್ನು ನೋಡಬೇಕು: ಕೆಂಪಗೆ ಗುಂಪಾಗಿ ಆಡುವ ಮರಿಗಳ ಕೆಳಗೆ ದೊಡ್ಡ ಮೀನು ಕಾವಲಿರುವುದು. ಎಷ್ಟೋ ಮನುಷ್ಯರಿಗಿಲ್ಲದ ಜವಾಬ್ದಾರಿ ಅದಕ್ಕುಂಟು.

ಬೇಸಗೆಯ ನಡುವೆ ಕೆರೆಯು ಕಾದು ಇಂಗುವಾಗ ಹಿಡಿದ ಮೀನಿನಲ್ಲಿ ಅನೇಕವು ಹೇಗೂ ಕೊಕ್ಕರೆಯ ಪಾಲಾಗತಕ್ಕವು. ಕಾದ ನೀರಿನಲ್ಲಿ ಪ್ರಾಣವಾಯು ಕಡಮೆ. ಮೊದಲ ಮಳೆ ಕೆಸರನ್ನು ಕದಡಿದಾಗ ಒಂದೇ ರಾತ್ರಿ ಕೆರೆಯ ತುಂಬ ಮೀನು ಸತ್ತು ತೇಲುವುದನ್ನು ಕಂಡಿದ್ದೇವೆ. ಹಾಗಿರುವಾಗ ಅವುಗಳನ್ನು ಹಿಡಿದು ಊಟಮಾಡುವುದರಲ್ಲಿ ಯಾವ ತಪ್ಪೂ ನಮಗೆ ತೋರದು. ಹಳ್ಳ ಹರಿದ ಮೇಲೆ ಅದೇ ಕೂಣಿಯಿಂದ ಹಿಡಿಯುವುದು ಬಸುರಿಯನ್ನು. ನಡುವಿನ ಅಂತರ ಹತ್ತು ಹದಿನೈದು ದಿನ. ನಮ್ಮ ಕಡೆ ಮಳೆ ಹಿಡಿದ ಮೇಲೆ ನೀರಿನ ಕಂಡಿಗೆ ಒಡ್ಡುವ ಬುಟ್ಟಿಗೆ ಕೂಳಿ ಎನ್ನುವರು. ಕೂಣಿ, ಕೂಳಿ: ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ, ಮೀನಿಗೆ ಒಂದು ಸಂತಾನದ ವ್ಯತ್ಯಾಸ. ಕೂಡಲಿಯ ಸಂಗಮದ ಮೇಲೆ ತುಂಗೆಗೂ ಭದ್ರೆಗೂ ಅಣೆಗಳಾದ ಬಳಿಕ ಹೊಳೆಯ ಮೀನು ಮೊದಲಿನಂತೆ ಮೇಲಕ್ಕೇರಲಾರದು. ಆದುದರಿಂದ ಕೆರೆ ಹಳ್ಳಗಳಲ್ಲಿ ಹುಟ್ಟಿ ಬೆಳೆಯುವ ಈ ಮೀನುಗಳ ಬೆಲೆ ಹಿಂದಿಗಿಂತ ಹೆಚ್ಚಾಗಿದೆ.

ಮೀನು ಹಿಡಿಯುವುದಕ್ಕೆ ಪಂದ್ಯವಿಡುವುದು ನಮ್ಮ ಮಲೆನಾಡಿನವರಿಗೆ ಮಾತ್ರ ಬಂದ ಬುದ್ಧಿಯಲ್ಲ. ಅಮೆರಿಕದಲ್ಲಿ ಬಾಸ್ ಎಂಬ ಮೀನಿನ ಹುಚ್ಚು ಬಹಳ. 1932ನೆಯ ಇಸವಿ ಜೂನ್ 2ರಂದು ಜಾರ್ಜಿಯಾ ಸೀಮೆಯಲ್ಲಿ ಜಾರ್ಜ್ ಪೆರಿ ಎಂಬ ಬಡ ಬೇಸಾಯಗಾರನು, ಮಳೆಯಿಂದ ಹೊಲದ ಕೆಲಸ ನಿಂತುಹೋದುದರಿಂದ ಗಾಳವನ್ನು ಹಿಡಿದು ಹೊರಟು, 22 ಪೌಂಡು 4 ಔನ್ಸು ತೂಕದ, ಎಂದರೆ 10 ಕಿಲೋಗ್ರಾಮಿಗೆ ತುಸು ಹೆಚ್ಚಿನ ಮೀನೊಂದನ್ನು ಹಿಡಿದನು. ಮಾಸಪತ್ರಿಕೆಯೊಂದು ನಡೆಸುತ್ತಿದ್ದ ಪಂದ್ಯಕ್ಕೆ ತೂಕವನ್ನು ಬರೆದು ಕಳುಹಿಸಿ ಬಹುಮಾನವನ್ನು ಪಡೆದನು. ಮೀನನ್ನು ಮನೆಯವರು ತಿಂದರು. ಆ ತೂಕಕ್ಕೆ ಸಮನಾದುದು ಸಿಕ್ಕಿದುದು 2009ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ. 1967ರಿಂದ ಅಮೆರಿಕದಲ್ಲಿ ದೋಣಿಗಳ ಮೇಲೆ ದೊಡ್ಡ ದೊಡ್ಡ ಪಂದ್ಯಗಳು ಮೊದಲಾದವು. ಹೀಗೆ ಹಿಡಿಯುತ್ತ ಹೋದರೆ ಮೀನು ಉಳಿಯದೆಂಬ ಆಕ್ಷೇಪಣೆ ಎದ್ದಿತು. 1972ರಿಂದ ತೂಕವಾದ ಮೀನನ್ನು ಜೀವಸಹಿತ ನೀರಿಗೆ ಬಿಡುವ ಕ್ರಮವನ್ನು ತಂದರು. ನಮ್ಮಲ್ಲಿ ಆ ಕ್ರಮ ನಡೆಯದು; ಮನೆಯಲ್ಲಿ ಮಸಾಲೆ ಅರೆದು ಕಾದಿರುವರು. ಮೇಲಾಗಿ ಇಂಗುತ್ತಿರುವ ಕೆರೆಗೆ ಹಿಂದಕ್ಕೆ ಬಿಟ್ಟ ಕಾಟ್ಲದಿಂದ ಯಾರಿಗೂ ಉಪಕಾರವಿಲ್ಲ. ನಾವು ಬಿಡಬೇಕಾದುದು ಮೀನನ್ನಲ್ಲ, ದಿನವನ್ನು.

ಅಂದಿನ ತಂಟೆ ಅರ್ಧ ಗಂಟೆಯವರೆಗೆ ನಡೆಯಿತು. ಕೊನೆಗೆ ಹಿರಿಯರು ನಡುವಿನ ದಾರಿಯೊಂದನ್ನು ಹಿಡಿದರು. ಬೇಟೆಯಾಗಲಿ, ಆದರೆ ಹಳ್ಳ ಕೂಡುವ ಬಾಯಿಯ ಕಡೆ ಯಾರೂ ಕೂಣಿಯೂರಬಾರದು ಎಂದು ನಾಲ್ಕು ಗಳು ನೆಟ್ಟು ಹಗ್ಗ ಕಟ್ಟಿದರು. ಹುಡುಗರು ಗೊಣಗಿದರು, ನುಗ್ಗಿದರು. ಹಗ್ಗವನ್ನು ಮಾತ್ರ ದಾಟಲಿಲ್ಲ. ಮಳೆಯಲ್ಲಿ ಯಾರ ಕೂಣಿ ಯಾರ ಕಾಲಿನ ಮೇಲೆ ಬಿದ್ದಿತೆಂಬುದು ತಿಳಿಯದಂತಾಗಿ, ಒಂದು ಗಂಟೆಯಲ್ಲಿ ಎಲ್ಲರೂ ಒಂದೇ ಬಣ್ಣದವರಾದರು. ಭದ್ರಾವತಿಯ ಹಿರಿಯರಿಗೆ ಎರಡು ಕಾಟ್ಲವೂ ತೋಳುದ್ದದ ಒಂದು ಕುಚ್ಚೂ ದೊರೆತುವು. ಆ ವಯಸ್ಸಿಗೆ ಅದು ದೊಡ್ಡ ಬೇಟೆ.

ಮಧ್ಯಾಹ್ನ ಅವರ ಮನೆಯ ಹಿತ್ತಲಿನಲ್ಲಿ ಆಕೆ ಕುಚ್ಚಿಗೆ ಬೂದಿ ಸವರಿ, ಮೆಟ್ಟುಗತ್ತಿಗೆ ಕೊಟ್ಟು ಹೊಟ್ಟೆಯನ್ನು ಸೀಳಿದರು. ಒಳಗೆ ಅರಿಶಿನದ ಬಣ್ಣದ ಮೊಟ್ಟೆಯ ಗಡ್ಡೆ ಎರಡು ಇದ್ದುವು. ಮೊಮ್ಮಗನು ಕುಣಿದಾಡಿದನು, ಮೊಟ್ಟೆಯ ಹುರುಕಲೆಂದರೆ ಅವನಿಗೆ ಪ್ರಾಣ. ಆಕೆ ಮಾತ್ರ ಗಡ್ಡೆಯನ್ನು ಅಂಗೈಯಲ್ಲಿಟ್ಟು ನೋಡಿ, ಗಂಡನ ಕಡೆಗೆ ತಿರುಗಿ, “ಬಸವನ ಹಬ್ಬದ ವಾರ ಪೇಟೆಯಿಂದ ತಂದಿದ್ರಲ್ಲ, ಅದರಲ್ಲಿ ಬೆರಳಷ್ಟೂ ಇರ್ಲಿಲ್ಲ. ನೀವು ಹೋಗೋದು ಹದಿನೈದು ದಿವಸ ತಡ ಆಯ್ತು ಕಣ್ರಿ” ಎಂದರು.

ಕೆರೆಯಲ್ಲಿ ಇಳಿಯುವವರು ಹೆಚ್ಚಾಗಿ ಗಂಡಸರು. ಮೀನಿನ ಹೊಟ್ಟೆಯನ್ನು ಕಾಣುವವರು ಹೆಂಗಸರು. ಯಾವ ವಾರದಲ್ಲಿ ಯಾವ ಮೀನಿಗೆ ಮೊಟ್ಟೆ ಕೂಡಿತು, ಯಾವಾಗ ಬಣ್ಣ ತಿರುಗಿತು ಎಂಬ ಲೆಕ್ಕವು ನಮ್ಮ ಅಡಿಗೆಯ ಮನೆಗಳಲ್ಲಿ ತಲೆಮಾರಿನಿಂದ ಇದೆ. ಬೇಟೆಗೆ ದಿನವನ್ನಿಡುವ ಪಂಚಾಯಿತಿಯವರು ಪಂಚಾಂಗವನ್ನು ನೋಡುವರು, ಮದುವೆಗಳನ್ನು ನೋಡುವರು, ಭಾನುವಾರವನ್ನು ನೋಡುವರು. ಈ ಲೆಕ್ಕವನ್ನು ಕೇಳಿದುದನ್ನು ನಾವು ಕಾಣೆವು.

ಭದ್ರಾವತಿಯ ಹಿರಿಯರು ಕೇಳಿದರು; ಕೇಳಿದುದನ್ನು ಊರಿಗೆ ಹೋಗಿ ಹೇಳಿಯೂ ಬಂದರು. ಹೆಂಡತಿಯ ಮಾತೆಂದು ಹೇಳಿದರೋ ತಮ್ಮದೆಂದು ಹೇಳಿದರೋ ತಿಳಿಯದು. ಮರುವರ್ಷ ಬೇಟೆಯನ್ನು ಭರಣಿಯ ಒಳಗೇ, ಮೇ ತಿಂಗಳ ಮೊದಲ ಭಾನುವಾರಕ್ಕೆ ಇಟ್ಟರು. ಸುಡುವ ಬಿಸಿಲು, ನೀರು ಮೊಳಕಾಲಿಗಿಂತ ಕೆಳಗೆ. ಕುಚ್ಚು ಆ ಸಲವೂ ಸಿಕ್ಕಿತು. ಹೊಟ್ಟೆಯಲ್ಲಿ ಮೊಟ್ಟೆಯಿರಲಿಲ್ಲ. ಮೊಮ್ಮಗನು ಊಟಕ್ಕೇಳಲೊಲ್ಲದೆ ಸಂಜೆಯವರೆಗೂ ಅತ್ತನಂತೆ.