ಹೆಸರಿನ ಋಣ

ಒಂದು ಮನೆತನದ ಹೆಸರನ್ನು ಹೊತ್ತವರ ಮೇಲೆ ಆ ಹೆಸರಿನ ಋಣವೂ ಇರುವದೆಂಬದನ್ನು ನಾವೆಲ್ಲರೂ ಒಪ್ಪುವೆವು. ಮನುಷ್ಯರಿಗೆ ಸಲ್ಲುವ ಈ ಮಾತು ಕಥಾಮಾಲೆಗಳಿಗೂ ಸಲ್ಲತಕ್ಕದ್ದು. ಇಂದಿನ ಮಕ್ಕಳ ಮನಸ್ಸನ್ನು ಸೆಳೆದಿರುವ ವಿಡಿಯೋ ಆಟಗಳ ಮಾಲೆಗಳಿಗೂ ಸಲ್ಲತಕ್ಕದ್ದು. ಶಾಲೆಯ ಸ್ಮರಣಸಂಚಿಕೆಯಲ್ಲಿ ಆಟದ ವಿಚಾರವೇಕೆಂದು ಕೆಲವರು ಕೇಳಬಹುದು. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರು. ಅವರ ಮಕ್ಕಳು ಪುಸ್ತಕದಿಂದ ಕಲಿಯುವಂತೆಯೇ ಆಟದಿಂದಲೂ ಕಲಿಯುವರು. ಆದಕಾರಣ ಆಟವು ಏನನ್ನು ಕಲಿಸುವದೆಂಬದು ನಮಗೆ ಸಂಬಂಧಪಟ್ಟ ವಿಷಯವೇ ಸರಿ.

ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟಾ ವಿಲಿಯಮ್ಸ್ ಎಂಬ ಮಹಿಳೆಯು 1980ರಲ್ಲಿ ಪತಿಯಾದ ಕೆನ್ ಅವರೊಡನೆ 'ಮಿಸ್ಟರಿ ಹೌಸ್' ಎಂಬ ಆಟವನ್ನು ಹೊರತಂದರು. ಕಥೆಯೂ ಚಿತ್ರಗಳೂ ಆಕೆಯವು. ಕಂಪ್ಯೂಟರಿಗೆ ಬೇಕಾದ ಬರಹವು ಪತಿಯದು. ಅದುವರೆಗೆ ಬರೇ ಅಕ್ಷರಗಳಿಂದ ನಡೆಯುತ್ತಿದ್ದ ಸಾಹಸದ ಆಟಕ್ಕೆ ಹೀಗೆ ಚಿತ್ರವು ಕೂಡಿಕೊಂಡಿತು. ಈ ದಂಪತಿಗಳ ಸಂಸ್ಥೆಯು ಮುಂದೆ ಸಿಯೆರಾ ಎಂದು ಹೆಸರಾಯಿತು. 1984ರಲ್ಲಿ ಆಕೆಯು 'ಕಿಂಗ್ಸ್ ಕ್ವೆಸ್ಟ್' ಎಂಬ ಮಾಲೆಯನ್ನು ಆರಂಭಿಸಿದರು. ಡಾವೆಂಟ್ರಿ ಎಂಬ ಕಲ್ಪಿತ ರಾಜ್ಯದ ಗ್ರಹಾಮನೂ ಅವನ ಕುಟುಂಬದವರೂ ಅದರ ನಾಯಕರು. 1994ರ ಒಳಗೆ ಏಳು ಭಾಗಗಳು ಹೊರಟವು. 1998ರಲ್ಲಿ ಎಂಟನೆಯದಾಗಿ ಬಂದ 'ಮಾಸ್ಕ್ ಆಫ್ ಇಟರ್ನಿಟಿ' ಎಂಬ ಭಾಗದ ವಿಷಯದಲ್ಲಿಯೇ ನಮ್ಮ ಅಸಮಾಧಾನ.

ಮೊದಲಿನ ಭಾಗಗಳ ಗುಣವನ್ನು ತಿಳಿಯದೆ ಈ ಅಸಮಾಧಾನದ ಕಾರಣವು ತಿಳಿಯದು. ಮೊದಲನೆಯ ಆಟದಲ್ಲಿ ಬೆಂಕಿಯುಗುಳುವ ಘಟಸರ್ಪವೊಂದು ಅಡ್ಡವಾಗಿರುವದು. ಅದನ್ನು ಕಠಾರಿಯಿಂದ ಕೊಲ್ಲಬಹುದು. ಆದರೆ ನೀರನ್ನೆರಚಿ ಅದರ ಬೆಂಕಿಯನ್ನು ಆರಿಸಿದವನಿಗೆ ಹೆಚ್ಚು ಅಂಕಗಳು. ರಾಕ್ಷಸನನ್ನು ಕವಣೆಯಿಂದ ಹೊಡೆಯಬಹುದು. ಅವನು ನಿದ್ದೆಹೋಗುವ ತನಕ ತಾಳ್ಮೆಯಿಂದ ಕಾದವನಿಗೆ ಹೆಚ್ಚು ಅಂಕಗಳು. 1990ರ ಐದನೆಯ ಭಾಗದಲ್ಲಿ ಬೆಕ್ಕಿನ ಬಾಯಿಂದ ಇಲಿಯೊಂದನ್ನು ಉಳಿಸಿದರೆ, ಮುಂದೆ ರಾಜನು ಸೆರೆಸಿಕ್ಕಾಗ ಅದೇ ಇಲಿಯು ಬಂದು ಕಟ್ಟಿದ ಹಗ್ಗವನ್ನು ಕಡಿಯುವದು. ಇರುವೆಗಳ ಹುತ್ತವನ್ನು ಕೆದರುವ ನಾಯಿಯನ್ನು ಓಡಿಸಿದರೆ, ಅವು ಹುಲ್ಲಿನ ಬಣವೆಯಲ್ಲಿ ಅಡಗಿದ ಬಂಗಾರದ ಸೂಜಿಯನ್ನು ಹುಡುಕಿಕೊಡುವವು. ಅಜ್ಜಿಯರು ಹೇಳುವ ಕಥೆಗಳ ನೀತಿಯೇ ಇಲ್ಲಿ ಆಟದ ನಿಯಮವಾಗಿರುವದು. 1988ರ ನಾಲ್ಕನೆಯ ಭಾಗದಲ್ಲಿ ಕಾಯಿಲೆ ಬಿದ್ದ ತಂದೆಯನ್ನು ಬದುಕಿಸುವ ಹಣ್ಣನ್ನು ತರುವದಕ್ಕೆ ಹೊರಟವಳು ಮಗಳಾದ ರೋಸೆಲ್ಲಾ. ಹುಡುಗಿಯೊಬ್ಬಳು ನಾಯಕಿಯಾಗಿರುವದು ಆ ಕಾಲದ ಆಟಗಳಲ್ಲಿ ಬಲು ಅಪರೂಪವಾಗಿತ್ತು.

ಹಳೆಯದೆಲ್ಲವೂ ನಿರ್ದೋಷವೆಂದು ನಾವು ಹೇಳುವದಿಲ್ಲ. ಎಲ್ಲಿಯೋ ಬಿಟ್ಟುಬಂದ ಒಂದು ಸಣ್ಣ ವಸ್ತುವಿಗಾಗಿ ಇಡೀ ಆಟವನ್ನು ಮೊದಲಿಂದ ಆಡಬೇಕಾಗುತ್ತಿತ್ತು. ಮೊದಲನೆಯ ಭಾಗದಲ್ಲಿ ಒಬ್ಬ ಕುಬ್ಜನ ಹೆಸರನ್ನು ಕಂಡುಹಿಡಿಯುವದಕ್ಕೆ ಇಂಗ್ಲಿಷ್ ಅಕ್ಷರಮಾಲೆಯನ್ನೇ ತಿರುಗುಮುರುಗು ಮಾಡಬೇಕಾಗಿತ್ತು. ಅದು ಜಾಣ್ಮೆಯ ಪರೀಕ್ಷೆಗಿಂತ ಸಹನೆಯ ಪರೀಕ್ಷೆ. ಕೊಲೆಯೂ ಇಲ್ಲದಿರಲಿಲ್ಲ: ಮಾಟಗಾತಿಯನ್ನು ತಳ್ಳಿ ಕೊಲ್ಲುವದುಂಟು, ಲೊಲೊಟ್ ಎಂಬ ದುಷ್ಟೆಯನ್ನು ರೋಸೆಲ್ಲಾ ಬಾಣದಿಂದ ಕೊಲ್ಲುವದುಂಟು. ಆದರೆ ಅವು ಬಹಳ ಯೋಚನೆಯ ಕೊನೆಯಲ್ಲಿ ಒಂದೇ ಸಾರಿ ನಡೆಯುವ ಕಾರ್ಯಗಳು, ಹೊತ್ತು ಕಳೆಯುವ ಕಸುಬಲ್ಲ.

ಎಂಟನೆಯ ಭಾಗದಲ್ಲಿ ಅದೇ ಕಸುಬಾಯಿತು. ಮಾಯೆಯ ಮುಖವಾಡವೊಂದು ಒಡೆದು ಡಾವೆಂಟ್ರಿಯ ಜನರು ಕಲ್ಲಾಗಿರುವರು. ಕಾನರ್ ಎಂಬ ಸಾಮಾನ್ಯ ಯುವಕನು ಅದರ ಚೂರುಗಳನ್ನು ಕೂಡಿಸಬೇಕು. ಅರಮನೆಯವನಲ್ಲದ ಒಬ್ಬನು ನಾಯಕನಾದದ್ದು ಮೆಚ್ಚತಕ್ಕ ಯೋಚನೆ. ಸುತ್ತಲೂ ತಿರುಗಿ ನೋಡಬಹುದಾದ ಮೂರು ಆಯಾಮಗಳ ಲೋಕವೂ ಆ ಕಾಲಕ್ಕೆ ಹೊಸ ಸೊಗಸು. ಆದರೆ ಕಾನರನ ದಿನಚರಿಯೇನು? ಅಸ್ಥಿಪಂಜರಗಳನ್ನೂ ದೈತ್ಯರನ್ನೂ ಕತ್ತಿಯಿಂದಲೂ ಬಿಲ್ಲಿನಿಂದಲೂ ಒಂದಾದ ಮೇಲೊಂದರಂತೆ ಉರುಳಿಸುವದು, ಗಾಯವಾದರೆ ಔಷಧವನ್ನು ಕುಡಿಯುವದು, ಇನ್ನೂ ಹರಿತವಾದ ಆಯುಧವನ್ನು ಹುಡುಕುವದು. ಸಮಸ್ಯೆಗಳು ಅಲ್ಲಲ್ಲಿ ಉಳಿದಿರುವವಾದರೂ ಅವು ಕಾಳಗಗಳ ನಡುವಿನ ವಿಶ್ರಾಂತಿಯಂತೆ ತೋರುವವು. ಘಟಸರ್ಪಕ್ಕೆ ನೀರನ್ನೆರಚಿದವನಿಗೆ ಬಹುಮಾನ ಕೊಟ್ಟ ಹೆಸರಿನ ಕೆಳಗೆ ಇದನ್ನು ಕಂಡ ಹಳೆಯ ಅಭಿಮಾನಿಗಳಿಗೆ ಹೇಗಾಗಿರಬೇಕು!

ಇದಕ್ಕೆ ಕಾರಣಗಳಿಲ್ಲದಿಲ್ಲ. 1996ರಲ್ಲಿ ಹೊರಟ 'ಟೂಂಬ್ ರೈಡರ್', 'ಕ್ವೇಕ್' ಮುಂತಾದ ಆಟಗಳಿಂದ ಪೇಟೆಯ ರುಚಿಯು ಓಟಕ್ಕೂ ಕಾಳಗಕ್ಕೂ ತಿರುಗಿತ್ತು. ಅದೇ ವರ್ಷ ಸಿಯೆರಾ ಸಂಸ್ಥೆಯು ಸಿ.ಯು.ಸಿ. ಎಂಬ ದೊಡ್ಡ ಕಂಪೆನಿಗೆ ಮಾರಾಟವಾಯಿತು. ಆಟವು ತಯಾರಾಗುತ್ತಿದ್ದಾಗ ಅದರ ಕರ್ತೃವಾದ ಮಹಿಳೆಯ ಮಾತು ಮೊದಲಿನಂತೆ ನಡೆಯಲಿಲ್ಲ. 1999ರ ಫೆಬ್ರವರಿಯಲ್ಲಿ ಓಕ್‌ಹರ್ಸ್ಟ್ ಊರಿನ ಮೂಲ ಕಾರ್ಯಶಾಲೆಯೇ ಮುಚ್ಚಲ್ಪಟ್ಟಿತು. ಆಕೆಯೂ ಈ ಉದ್ಯೋಗವನ್ನು ಬಿಟ್ಟು, 2023ರಲ್ಲಿ 'ಕೊಲಾಸಲ್ ಕೇವ್' ಎಂಬ ಆಟದೊಡನೆ ಮಾತ್ರ ಹಿಂದಿರುಗಿದರು.

"ಕಾಲಕ್ಕೆ ತಕ್ಕಂತೆ ಬದಲಾಗಬಾರದೇ?" ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಬದಲಾಗಬಹುದು. ಈ ಮಾಲೆಯೇ ಕೀಲಿಮಣೆಯಲ್ಲಿ ಮಾತು ಬರೆದು ಆಡುವ ಪದ್ಧತಿಯನ್ನು ಬಿಟ್ಟು ಮೌಸನ್ನು ಹಿಡಿಯಿತು; ಆಗ ಅದರ ಗುಣವು ಕೆಡಲಿಲ್ಲ. ಉಡುಪನ್ನು ಬದಲಿಸುವದು ಬೇರೆ, ನಡತೆಯನ್ನು ಬದಲಿಸುವದು ಬೇರೆ. ಕಾಳಗದ ಆಟವೇ ಬೇಕಾಗಿದ್ದರೆ ಅದಕ್ಕೆ ಹೊಸ ಹೆಸರನ್ನಿಡಬಹುದಾಗಿತ್ತು. ಹಳೆಯ ಹೆಸರಿನ ಮೇಲೆ ಜನರಿಗಿದ್ದ ನಂಬಿಕೆಯನ್ನು ತೆಗೆದುಕೊಂಡು, ಆ ನಂಬಿಕೆಗೆ ಕಾರಣವಾದ ಗುಣವನ್ನು ಕೈಬಿಟ್ಟದ್ದೇ ನಮ್ಮ ಆಕ್ಷೇಪಣೆ. ಈ ಋಣವನ್ನು ಮುಂದೆ ಬೇರೆಯವರು ತೀರಿಸಿದರು. 2015ರಲ್ಲಿ ಮತ್ತೊಂದು ತಂಡವು ಈ ಹೆಸರಿನಿಂದ ಹೊಸ ಆಟವನ್ನು ಆರಂಭಿಸಿತು. ಮುದುಕನಾದ ಗ್ರಹಾಮನು ಮೊಮ್ಮಗಳಿಗೆ ತನ್ನ ಕಥೆಯನ್ನು ಹೇಳುವದು ಅದರ ಕ್ರಮ. ಆಡುವವರು ಧೈರ್ಯ, ಕನಿಕರ, ವಿವೇಕ ಇವುಗಳಲ್ಲಿ ಒಂದರ ದಾರಿಯನ್ನು ಆರಿಸಿಕೊಳ್ಳುವರು.

ತಂದೆತಾಯಂದಿರಿಗೆ ನಮ್ಮ ಅರಿಕೆಯಿಷ್ಟೆ: ಆಟದ ಹೆಸರನ್ನು ನೋಡಿ ಕೊಳ್ಳಬೇಡಿರಿ, ಆಟವೆಂದ ಮಾತ್ರಕ್ಕೆ ಜರೆಯಲೂ ಬೇಡಿರಿ. ಮಗುವಿನ ಬಳಿ ಅರ್ಧ ಗಂಟೆ ಕುಳಿತು, ಅದರ ಕೈಯಿಂದ ಆಟವು ಏನನ್ನು ಮಾಡಿಸುತ್ತಿದೆ, ಯಾವದಕ್ಕೆ ಅಂಕಗಳನ್ನು ಕೊಡುತ್ತಿದೆ ಎಂಬದನ್ನು ನೋಡಿರಿ. ಪೂರ್ವ ವಿದ್ಯಾರ್ಥಿನಿಯರಾದ ನಮ್ಮ ಸಹೋದರಿಯರಿಗೆ ಇನ್ನೊಂದು ಮಾತು: ನೀವು ಕಟ್ಟಿ ಬೆಳೆಸಿದ ಕೆಲಸವು ಶಾಲೆಯಾಗಲಿ ಅಂಗಡಿಯಾಗಲಿ ಕಥೆಯಾಗಲಿ, ಇತರರ ಕೈಗೆ ಹೋಗುವ ದಿನ ಬರಬಹುದು. ಅದರ ಹೆಸರಿನೊಡನೆ ಅದರ ಗುಣವೂ ಹೋಗುವಂತೆ, ನಿಮ್ಮ ಮಾತು ನಡೆಯುವಾಗಲೇ ಏರ್ಪಾಡು ಮಾಡಿರಿ.