ಗುಂಡು ಹಾರಿದ ಮೇಲೂ ಉಳಿಯುವ ಸೀಸ

ಮೊನ್ನೆ ಭಾನುವಾರ ರಾಮದೇವರ ಬೆಟ್ಟ ಹತ್ತಿ ಬಂದೆ. ರಾಮನಗರ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ‘ಶೋಲೆ’, ಗಬ್ಬರ್ ಸಿಂಗ್, ಬಂದೂಕಿನ ಸದ್ದು. ನಾನು ಹೋಗಿದ್ದು ಉದ್ದಕೊಕ್ಕಿನ ರಣಹದ್ದು ನೋಡೋಕೆ. 2012ರಲ್ಲಿ ಆ ಬೆಟ್ಟವನ್ನು ರಣಹದ್ದು ಧಾಮ ಅಂತ ಘೋಷಿಸಿದರು. ಎಷ್ಟು ಹೊತ್ತು ಕತ್ತೆತ್ತಿ ನಿಂತರೂ ಒಂದೂ ಕಾಣಲಿಲ್ಲ :(

ವಾಪಸ್ ಬರುವಾಗ ಕನಕಪುರದ ಮಾವನ ಮನೆಗೆ ಹೋದೆ. ಮಾತು ಹಳೇ ಕಾಲದ ಶಿಕಾರಿ ಕಡೆ ತಿರುಗಿತು. ಅವರ ಅಜ್ಜ ಸೀಸ ಕರಗಿಸಿ ಮನೆಯಲ್ಲೇ ಗುಂಡು ಮಾಡ್ಕೊಳ್ತಿದ್ರಂತೆ. “ಏಟು ಬಿದ್ದ ಹಂದಿ ಎಷ್ಟೋ ಸಲ ಸಿಕ್ತಾನೇ ಇರಲಿಲ್ಲ ಕಣಪ್ಪಾ, ಪೊದೆಯೊಳಕ್ಕೆ ನುಗ್ಗಿ ಅಲ್ಲೇ ಸಾಯೋದು” ಅಂದ್ರು.

ಸಿಕ್ಕ ಹಂದಿಯನ್ನು ಮನೆಮಕ್ಕಳು ತಿಂದ್ರು. ಸಿಗದೇ ಹೋದದ್ದನ್ನು ತಿಂದವರು ಯಾರು?

ಸೀಸ ಮೆತ್ತನೆಯ ಲೋಹ. ಬಡಿದಾಗ ಚೂರುಗಳು ಮಾಂಸದೊಳಗೆ ಹರಡುತ್ತವೆ. ಹೆಣ ತಿನ್ನುವ ಹಕ್ಕಿಯ ಹೊಟ್ಟೆಯ ಆಮ್ಲದಲ್ಲಿ ಅವು ಕರಗಿ ರಕ್ತ ಸೇರುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ 1982ರಲ್ಲಿ ಬರೀ 22 ಉಳಿದಿದ್ದವು. ಸಾಕಿ, ಮರಿ ಮಾಡಿಸಿ ಮತ್ತೆ ಕಾಡಿಗೆ ಬಿಟ್ಟರೆ, ಅವುಗಳನ್ನು ಹೆಚ್ಚಾಗಿ ಕೊಂದದ್ದು ಈ ಸೀಸವೇ. ಅದಕ್ಕೇ ಆ ರಾಜ್ಯ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧಿಸಿತು. ಬದಲಿಗೆ ತಾಮ್ರದ ಗುಂಡುಗಳಿವೆ.

“ನಮ್ಮಲ್ಲಿ 1972ರ ಕಾಯ್ದೆ ಇದೆಯಲ್ಲ, ಬೇಟೆ ಎಲ್ಲಿದೆ?” ಅಂತೀರಾ? ಕಾಯ್ದೆಯೂ ಇದೆ, ಕಳ್ಳಬೇಟೆಯೂ ಇದೆ. ಬೆಳೆ ಕಾಯೋಕೆ ಲೈಸೆನ್ಸ್ ಪಡೆದ ಕೋವಿಗಳೂ ಇವೆ. ಪಕ್ಕದ ಕೇರಳದಲ್ಲಿ 2022ರಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿ ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯ್ತಿಗಳಿಗೇ ಕೊಟ್ಟರು. ರೈತರ ಕಷ್ಟ ಸುಳ್ಳಲ್ಲ, ರಾತ್ರಿಯೆಲ್ಲ ಹೊಲ ಕಾದವರಿಗೇ ಅದು ಗೊತ್ತು. ನಾನು ಹೇಳೋದಿಷ್ಟೇ: ಅನುಮತಿ ಯಾರಿಗೇ ಕೊಡಲಿ, ಸೀಸದ ಗುಂಡು ಬೇಡ ಅನ್ನೋ ಷರತ್ತು ಇರಲಿ. ತಾಮ್ರದ್ದು ದುಬಾರಿ ಆಗುತ್ತೆ, ನಿಜ. ಹಾಗಾದ್ರೆ ಸತ್ತ ಹಂದಿಯನ್ನು ಬಯಲಲ್ಲಿ ಬಿಡದೆ ಆಳವಾಗಿ ಹೂಳಲಿ. ಅದಕ್ಕೆ ಒಂದು ಗುದ್ದಲಿ ಸಾಕು.

ನಮ್ಮ ರಣಹದ್ದುಗಳನ್ನು ಮುಖ್ಯವಾಗಿ ಮುಗಿಸಿದ್ದು ಸೀಸ ಅಲ್ಲ, ದನಗಳಿಗೆ ಕೊಡ್ತಿದ್ದ ಡೈಕ್ಲೋಫಿನಾಕ್. ಒಪ್ತೀನಿ. ಆದರೆ 2006ರಲ್ಲಿ ದನಗಳಿಗೆ ಅದನ್ನು ಕೊಡಬಾರದು ಅಂತ ನಿಷೇಧ ಬರುವಷ್ಟರಲ್ಲಿ ಬಹುಪಾಲು ಹದ್ದುಗಳು ಹೋಗಿಯಾಗಿತ್ತು. ಅಳಿದುಳಿದ ನಾಲ್ಕು ಹಕ್ಕಿಗಳ ವಿಷಯದಲ್ಲಿ ಇನ್ನೊಂದು ವಿಷಕ್ಕೂ ಹಾಗೇ ಕಾಯಬೇಕಾ?

ಪಕ್ಕದ ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಾಕಿದ ಬೊಂಬೆ ತೋರಿಸಿ, “ಇದರಲ್ಲಿ ಸೀಸ ಇಲ್ಲ, ಮಗು ಬಾಯಿಗಿಟ್ಟರೂ ಭಯವಿಲ್ಲ” ಅಂತ ಹೆಮ್ಮೆಯಿಂದ ಹೇಳ್ಕೊಳ್ತೀವಿ. ಒಳ್ಳೇದೇ. ಅದೇ ಎಚ್ಚರ ಬೆಟ್ಟದ ಮೇಲಿನ ಮರಿಗೂ ಇರಲಿ ಅನ್ನೋದು ತೀರಾ ದೊಡ್ಡ ಆಸೆಯಾ?

ನಿಮ್ಮ ಕಡೆ ಹೇಗೆ? ಮಲೆನಾಡು, ಕೊಡಗಿನ ಗೆಳೆಯರು ದಯವಿಟ್ಟು ಬರೀರಿ. ಕೋವಿ ಇರೋ ಮನೆಯವರ ಮಾತು ನನಗೆ ಮುಖ್ಯ.